ಜರ್ಮನಿ ಕುರಿಗಳ ವಿಚಾರವಾಗಿ ಒಂದು ಅಹವಾಲು

ರಾಮಗಿರಿ, ಮಾರ್ಚಿ ೧೯೭೪

ಹಳೇ ಗ್ರಾಮಫೋನ್ ಪ್ರದರ್ಶನದ ಪರೀಕ್ಷಕರಾದ ಮುರುಗೇಶಪ್ಪನವರ ಸನ್ನಿಧಾನಕ್ಕೆ,

ಮಾನ್ಯರೇ, ಹಾಡಿನ ಪ್ಲೇಟಿನ ಮುಖ ಕಂಡರೆ ಸಾಕು ಅದರ ಜಾತಕ ಹೇಳಬಲ್ಲ ತಮಗೆ, ಏಳನೇ ಕ್ಲಾಸಿಗೇ ಸ್ಕೂಲಿಗೆ ಕೈಮುಗಿದ ಯತ್ತಪ್ಪ ಮತ್ತೊಮ್ಮೆ ಕೈಮುಗಿಯುತ್ತಿದ್ದಾನೆ. ತಾವೂ ತಮ್ಮ ಎದೆಯ ಮೇಲಿನ ಬ್ಯಾಡ್ಜೂ ಕ್ಷೇಮವೆಂದು ನಂಬಿದ್ದೇನೆ.

ಹೋದ ಭಾನುವಾರ ಚಿತ್ರದುರ್ಗದ ಛತ್ರದಲ್ಲಿ ನಡೆದ ತಮ್ಮ ಪ್ರದರ್ಶನ-ಮಾರಾಟಕ್ಕೆ, ನಮ್ಮಪ್ಪ ಮದುವೆ ಮನೆಗಳಲ್ಲಿ ಹಾಡಿಸುತ್ತಿದ್ದ ಪೆಟ್ಟಿಗೆಯನ್ನು ತಲೆಯ ಮೇಲೂ, ಅದರ ಹಿತ್ತಾಳೆ ಕಹಳೆಯನ್ನು ಕಂಕುಳಲ್ಲೂ, ಸೂಜಿಯ ಬದಲು ಹಾಕಲೆಂದು ನಮ್ಮವ್ವ ಮುದ್ದಕ್ಕ ಹದಮಾಡಿದ ಮುಳ್ಳಿನ ಡಬ್ಬಿಗಳನ್ನು ಚೀಲದಲ್ಲೂ ಹೊತ್ತು, ಚಿಕ್ಕಜಾಜೂರಿನಲ್ಲಿ ರೈಲು ಬದಲಾಯಿಸಿ ಬಂದವನು ನಾನೇ. ಮಂಡಿ ಹಿಡಿದು ಕುರಿ ಹಿಂದೆ ಹೋಗಲಾರದ ಅವ್ವನಿಗೆ ಉಳಿದಿರುವುದು ಆ ಮುಳ್ಳಿನ ಕೆಲಸವೊಂದೇ; ಅದೂ ಸಾಗದಿದ್ದರೆ ಅವಳು ಮೂಲೆಯಲ್ಲಿ ಮಡಚಿಟ್ಟ ಕಂಬಳಿ.

ಉಕ್ಕಿನ ಸೂಜಿ ಒಂದು ಮಗ್ಗುಲು ಹಾಡಿಸುವಷ್ಟರಲ್ಲಿ ಸವೆದು, ಮರುಸಲ ಪ್ಲೇಟನ್ನೇ ಉಳುತ್ತದೆ. ಮುಳ್ಳು ಪ್ಲೇಟನ್ನು ನೋಯಿಸುವುದಿಲ್ಲ. ಹಾಗಂತ ಎಲ್ಲ ಮುಳ್ಳೂ ಆಗದು. ಕುರಿಯ ಗೊರಸಿನ ಸಂದಿಗೆ ಹೊಕ್ಕ ಜಾಲಿ ಮುಳ್ಳು, ಕಿತ್ತಾಗ ತುದಿ ಮುರಿಯದೆ ಬಂದರೆ ಅದೇ ಗಟ್ಟಿಯೆಂದು ನಮ್ಮ ಹಟ್ಟಿಯ ಹೆಂಗಸರು ಅವ್ವನಿಗೆ ತಂದುಕೊಡುತ್ತಾರೆ. ಅವಳು ತೊಳೆದು, ಹರಳೆಣ್ಣೆಯಲ್ಲಿ ನೆನೆಸಿ, ಬಿಸಿಬೂದಿಯಲ್ಲಿ ಒಣಗಿಸುತ್ತಾಳೆ. ಇಷ್ಟನ್ನೂ ಗಿರಾಕಿಗಳ ಮುಂದೆ ಮುಚ್ಚಿಡದೆ ಹೇಳಿದ್ದು ನನ್ನ ಮಹಾಪರಾಧ. ತಕ್ಷಣ ತಮ್ಮ ಕಂಠ ಛತ್ರದ ಹಂಚು ಹಾರಿಸಿತು: "ಏನಲೇ, ಕುರಿ ಕಾಲಾಗಿನ ಹೊಲಸು ತಂದು ಪ್ಲೇಟಿಗೆ ಚುಚ್ತೀಯಾ? ಎತ್ತಲೇ ಆಚಿಗೆ!" "ಒಂದ್ಸಲ ಕೇಳ್ರಿ ಸ್ವಾಮಿ, ಆಮ್ಯಾಲೆ ಬೈರಿ" ಎಂದೆ. ಕೇಳಲು ಪುರಸೊತ್ತೆಲ್ಲಿ? ತಾವೆಸೆದ ಡಬ್ಬಿಗಳೆಲ್ಲ ಛತ್ರದ ಹಿಂದಿನ ಎಂಜಲೆಲೆ ಗುಂಡಿಗೆ ಬಿದ್ದವು. ಒಂದು ಮುಳ್ಳು ಮಾತ್ರ ನನ್ನ ಪೆಟ್ಟಿಗೆಯ ಬಾಯಲ್ಲೇ ಉಳಿದಿತ್ತು.

ಮಧ್ಯಾಹ್ನ ತಾವು ಮಾರಲು ತಂದಿದ್ದ ಪೆಟ್ಟಿಗೆಯ ಮುಂದೆ ಹೊಸದುರ್ಗದ ಶಿವಗಂಗಮ್ಮನವರು ಕುಂತರು. ಬೆಳಗಿನಿಂದ ಒಂದೇ ಸೂಜಿಯಲ್ಲಿ ಹತ್ತು ಪ್ಲೇಟು ಉತ್ತಿದ್ದ ತಮ್ಮ ಮಿತವ್ಯಯಕ್ಕೆ ಅಡ್ಡಬೀಳಬೇಕು. ಆ ತಾಯಿ ಕೇಳಿದ್ದು ತಮಗೆ ನೆನಪಿರಬಹುದು: "ಏನ್ರಿ ಇದು, ಹಾಡ್ತೈತೋ ಹಪ್ಪಳ ಕರೀತೈತೋ?" ಅವರು ಏಳುವಷ್ಟರಲ್ಲಿ ನಾನು ಉಳಿದಿದ್ದ ಮುಳ್ಳನ್ನು ತಮ್ಮ ಪೆಟ್ಟಿಗೆಗೆ ಹಾಕಿದೆ. ತಮಗಾಗಿ ಅಲ್ಲ ಬಿಡಿ, ಆ ಪ್ಲೇಟಿನ ಗೋಳು ಕೇಳಲಾರದೆ. ಅದು ಹಾಡಿತು. ಶಿವಗಂಗಮ್ಮನವರು ಕಣ್ಣು ಮುಚ್ಚಿ ತಲೆದೂಗಿದರು. "ಇದ್ಯಾವ ಸೂಜಿ?" ಎಂದಾಗ ತಾವು ಒಂಚೂರೂ ಬೆವರದೆ "ಜರ್ಮನಿದು ತಾಯಿ, ನಮ್ಮತ್ರ ಮಾತ್ರ ಸಿಗತೈತೆ" ಎಂದಿರಿ. ಪೆಟ್ಟಿಗೆ ಮುಳ್ಳಿನ ಸಮೇತ ಮಾರಿಹೋಯಿತು. ನಾನು ಎಂಜಲೆಲೆ ಗುಂಡಿಗೆ ಇಳಿದಾಗ ಹಂದಿಗಳು ನನಗಿಂತ ಮುಂಚೆಯೇ ಡಬ್ಬಿ ತುಳಿದಿದ್ದವು.

ಬಾಯಿಮಾತಿನಲ್ಲೇ ಜಾಲಿಯ ಮುಳ್ಳನ್ನು ಸಮುದ್ರ ದಾಟಿಸಿದ ತಮ್ಮಂಥ ಪರೀಕ್ಷಕರು ಈ ಜಿಲ್ಲೆಗೆ ಇನ್ನೊಬ್ಬರು ಬೇಡವೇ ಬೇಡ. ಆ ಜರ್ಮನಿ ಕುರಿಗಳು ಯಾವ ಸ್ಟೇಷನ್ನಿನಲ್ಲಿ ಇಳಿದವು, ಟಿಕೆಟ್ಟು ತಗೊಂಡಿದ್ದವೇ ಎಂದು ದಯಮಾಡಿ ತಿಳಿಸಬೇಕು. ಮುಂದಿನ ಸಲ ಅವಕ್ಕೂ ಒಂದೊಂದು ಬ್ಯಾಡ್ಜು ಕೊಟ್ಟು ತಮ್ಮ ಪಕ್ಕದಲ್ಲೇ ಕುರ್ಚಿ ಹಾಕಿಸಬೇಕು. ಇದೆಲ್ಲ ಆಗದಿದ್ದರೆ ಬಿಡಿ. ಮುಂದೆ ಹಿರಿಯೂರಿನಲ್ಲಿ ನಡೆಯುವ ಪ್ರದರ್ಶನದಲ್ಲಿ, ಅದೇ ಕಂಠದಿಂದ, ಅಷ್ಟೇ ಗಟ್ಟಿಯಾಗಿ, "ಅದು ರಾಮಗಿರಿ ಮುದ್ದಕ್ಕನ ಮುಳ್ಳು" ಎಂದು ಒಂದೇ ಒಂದು ಸಲ ಹೇಳಿ. ಹಂಚು ಹಾರಿದರೆ ನಾನೇ ಹೊದಿಸಿಕೊಡುತ್ತೇನೆ.

ಕಾಲಲ್ಲಿ ಮುಳ್ಳು, ಬಾಯಲ್ಲಿ ಗೌರವ ಇಟ್ಟುಕೊಂಡಿರುವ
ತಮ್ಮ ವಿಶ್ವಾಸಿ,
ಯತ್ತಪ್ಪ

ತಾ.ಕ.: ನಿನ್ನೆ ತಮ್ಮ ಅಂಗಡಿಯ ಕಾಟಲಿಂಗಪ್ಪ ಸೈಕಲ್ಲಿನಲ್ಲಿ ಬಂದು, ಶಿವಗಂಗಮ್ಮನವರು ಇನ್ನಷ್ಟು ಜರ್ಮನಿ ಸೂಜಿ ಕೇಳುತ್ತಿದ್ದಾರೆಂದೂ, ಗುಟ್ಟಾಗಿ ಹತ್ತು ಡಬ್ಬಿ ಕೊಡಬೇಕೆಂದೂ, ಡಬ್ಬಿಯ ಮೇಲೆ ಹೆಸರು ಬೇಡವೆಂದೂ ಹೇಳಿದ. ನಾನು ಅಟ್ಟಲು ಎದ್ದೆ. ಅವ್ವ ಅವನನ್ನು ಕೂರಿಸಿ, ಮಜ್ಜಿಗೆ ಕೊಟ್ಟು ಹೇಳಿದ್ದನ್ನು ಇದ್ದಹಾಗೆ ಬರೆದಿದ್ದೇನೆ: "ಜರ್ಮನಿ ಕುರಿ ಇನ್ನಾ ಮೇದು ಬಂದಿಲ್ಲ ಕಣಪ್ಪ. ಬಂದ ಮ್ಯಾಲೆ ಮುಳ್ಳು ಕೀಳಾಕೆ ನಿಮ್ಮ ಸಾವ್ಕಾರ್ರನ್ನೇ ಕಳ್ಸು, ಗೊರಸು ನಾನು ಹಿಡ್ಕಂತೀನಿ."