ನೀರಿನ ಕಮಿಟಿ ಏನೂ ಮುಚ್ಚಿಟ್ಟಿಲ್ಲ!

ಏನೂ ಮುಚ್ಚಿಟ್ಟಿಲ್ಲ ಅಂತ ಯಾರರ ತಾವಾಗೇ ಹೇಳಾಕ ಬಂದ್ರಂದ್ರ ನನ್ನ ಜೀವಾ ಒಂದ ಕಡೆ ನಿಲ್ಲೂದಿಲ್ಲ. ನಮ್ಮ ಓಣ್ಯಾಗ ಇಂಥಾವು ನಡೀತಾನ ಇರ್ತಾವ. ನಳದ್ದೊಂದು ಕೇಳ್ರಿ.

ಬಿಳಿ ಸಾಹೇಬ್ರ ರಾಜ್ಯದ ಕಾಲ. ಹುಬ್ಬಳ್ಳ್ಯಾಗ ನಮ್ಮ ಪೇಟಿಗೆ ಒಂದ ನಳಾ ಬರೂದಿತ್ತು. ಯಾವ ಓಣಿಗೆ ಅನ್ನೂದು ನೀರಿನ ಕಮಿಟಿ ಕೈಯಾಗ. ನಮ್ಮ ಬಾವಿ ತಳಾ ಕಂಡಿತ್ತು, ಮಗಳ ಲಗ್ನ ಎದುರಿಗೆ ಬಂದಿತ್ತು. ಬೀಗರು ಧಾರವಾಡದವರು, ಮಾತು ಭಾಳ ನಾಜೂಕು. ಕೈಕಾಲಿಗೆ ನೀರಿಲ್ಲಂದ್ರ ನಾಜೂಕಾಗೇ ತಿರುಗಿ ಹೋಗಾವರು. ನನಗ ಕುಂತಲ್ಲೆ ಕೂಡಾಕ ಆಗವಲ್ದಾತು.

ಡಂಗುರ

ಮುಂಜಾನೆ ಡಂಗುರದಾಂವ ಬಂದ. "ಕಮಿಟಿ ಏನೂ ಮುಚ್ಚಿಡೂದಿಲ್ರೋ! ನಳದ ವಿಚಾರ ಎಲ್ಲಾ ಮಂದಿ ಮುಂದ ಐತ್ರೋ!"

ಹಿಟ್ಟಿನ ಕೈಲೇ ಹೊರಗ ಓಡಿದೆ. "ಹಂಗಾರ ಯಾವ ಓಣಿಗೆ ಬರ್ತೈತಪಾ?"

ಡೋಲು ಬಗಲಾಗ ಇಟಕೊಂಡ. "ಅದನ್ನೊಂದು ಸಾರಬ್ಯಾಡ ಅಂದಾರ್ರೀ ಅಕ್ಕಾರ."

ತೆರೆದ ಬಾಗಲಾ

ಕಮಿಟಿ ಕೂಟಕ್ಕ ಯಾರರ ಬರ್ರಿ, ಬಾಗಲಾ ತೆರದ ಇರ್ತೈತಿ ಅಂದ್ರು. ಹೋಗಿ ಪಡಸಾಲ್ಯಾಗ ಕುಂತೆ. ಚಹಾದ ಮಾತಾತು, ಬಿಸಲಿನ ಮಾತಾತು. ನಳದ ಮಾತು ಬಂದ ಕೂಡ್ಲೆ ಅಧ್ಯಕ್ಷರು ಕೆಮ್ಮಿದ್ರು. ಎಲ್ಲಾರೂ ಎದ್ದು ಹಿಂದಿನ ಖೋಲಿಗೆ ಹೋಗಿ ಬಾಗಲಾ ಹಾಕ್ಕೊಂಡ್ರು.

"ಇದೇನೋ ತಮ್ಮಾ?" ಅಂತ ಪಡಸಾಲಿ ಬಾಗಲಾ ಕಾಯೂ ಸಿಪಾಯಿನ್ನ ಕೇಳಿದೆ.

"ಈ ಬಾಗಲಾ ಮುಚ್ಚಿಲ್ಲಲ್ರೀ ಅಕ್ಕಾರ. ನೋಡ್ರಿ, ಕುರ್ಚಿ ಎಲ್ಲಾ ಛಂದಂಗ ಕಾಣಸ್ತಾವು."

ಕಾರಕೂನರ ಉತ್ತರ

ಕಲಾಯಿ ಹಾಕೂ ನಮ್ಮ ಬಾಜೂ ಮನಿ ಕಾಕಾನ್ನ ಕರಕೊಂಡು ಕಮಿಟಿ ಲೆಕ್ಕಾ ಬರಿಯೂ ಕಾರಕೂನರ ಕಡೆ ಹ್ವಾದೆ. ಅವರು ಚಸ್ಮಾ ಏರಿಸಿ ಅಂದ್ರು, "ಸದರಿ ನಳದ ಬಗ್ಗೆ ಸೂಕ್ತ ಕಾಲದಲ್ಲಿ, ಸೂಕ್ತ ರೀತಿಯಲ್ಲಿ ಸಾರ್ವಜನಿಕರ ಗಮನಕ್ಕೆ ತರಲಾಗುವುದು."

ನಾನು ಸಾಲಿ ಬಿಟ್ಟಾಕಿ. ಮೆಟ್ಟಲಾ ಇಳಿಯೂ ಮುಂದ ಕೇಳಿದೆ, "ಏನಂದ್ರು ಕಾಕಾ?"

ಕಾಕಾ ಗಡ್ಡಾ ಕೆರಕೊಂಡ. "ಹೋಗ್ರಿ ಅಂದ್ರು ಬೇಟಿ. ಆದ್ರ ಭಾಳ ಮರ್ಯಾದಿಲೆ ಅಂದ್ರು."

ನನ್ನ ಡಂಗುರ

ಲಗ್ನಾ ಇನ್ನೂ ಹತ್ತರ ಬಂತು. ಡಂಗುರದಾಂವನ್ನ ಹಿಡದು, ಬಿಸಿ ರೊಟ್ಟಿ, ಬದನಿಕಾಯಿ ಪಲ್ಲೆ ಹಾಕಿ ಅಂದೆ, "ಅಧ್ಯಕ್ಷರನ್ನ ಹೊಗಳಿ ಒಂದ ಮಾತು ಸಾರತೀ ಏನು?"

"ಹೊಗಳೂದಾದ್ರ ಯಾಕ ಸಾರೂದಿಲ್ರಿ?"

ಪೇಟಿ ತುಂಬ ಬಾರಿಸಿದ. "ನಮ್ಮ ಅಧ್ಯಕ್ಷರು ಭಾಳ ಖರೇ ಮನಷ್ಯಾರ್ರೋ! ಅಳಿಯನ ಮನಿ ಮುಂದ ನಳಾ ಹಾಕಸ್ತಾರಂತ ಯಾರೂ ನಂಬಬ್ಯಾಡ್ರೋ!"

ಅವರಿಗೆ ಅಳಿಯಾ ಅದಾನೋ ಇಲ್ಲೋ ನನಗ ಗೊತ್ತಿದ್ದಿಲ್ಲ. ಬಾಯಿಗೆ ಬಂದದ್ದು ಕಲಿಸಿದ್ದೆ. ಅಲ್ಲೀಮಟ ಯಾರಿಗೂ ಇರದ ಸಂಶಯ ಸಂಜಿಗೆ ಎಲ್ಲಾರಿಗೂ ಬಂತು. ಹೆಂಗಸರೆಲ್ಲಾ ಕೊಡಾ ಹಿಡಕೊಂಡು ಅಳಿಯನ ಮನಿ ಹುಡುಕ್ಕೋತ ಹೋಗಿ ನಿಂತ್ರು. "ನಾವೇನೂ ನಂಬಿಲ್ರೀ, ಸುಮ್ನ ನೋಡಾಕ ಬಂದೇವಿ," ಅಂದ್ರಂತ.

ಅಧ್ಯಕ್ಷರು ಡಂಗುರದಾಂವನ್ನ ಕೇಳಿ ನನ್ನ ಹೆಸರು ತಿಳಕೊಂಡು, ಜಾರಿದ ರುಮಾಲು ಹಿಡಕೊಂಡು ನಮ್ಮ ಮನಿಗೇ ಓಡಿ ಬಂದ್ರು.

"ಯವ್ವಾ, ನಿಮ್ಮ ಓಣಿಗೇ ನಳಾ ಹಾಕಸ್ತೇನಿ. ನಾಳೆ ಅಗ್ಯಾಕ ಆಳು ಬರ್ತಾರ, ಲಗ್ನಾ ಸಾಂಗ ಮಾಡು. ಆದ್ರ ಒಂದು ಖರೇ ಹೇಳು. ಅಳಿಯನ ಮನಿಗೆ ಹಾಕಸೂ ಮಾತು ಹಿಂದಿನ ಖೋಲ್ಯಾಗ ಆಗಿದ್ದು. ನಿನಗ ಯಾರ ಹೇಳಿದ್ರು?"

"ನೀವ ರೀ ಸಾಹೇಬ್ರ. ಈಗ."