ಮೇಷ್ಟ್ರ ಕಾಲಡಿಯ ಬ್ರೇಕು

ಹೆಂಡತಿಯನ್ನು ಮೊದಲ ಸಲ ಕಂಡ ಕತೆಯನ್ನು ಮೇಷ್ಟ್ರು ಕೇಳಿದವರಿಗೂ ಹೇಳುತ್ತಿದ್ದರು, ಕೇಳದವರಿಗೂ ಹೇಳುತ್ತಿದ್ದರು. ಅವರು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಒಂದು ಬೆಳಿಗ್ಗೆ, ಶಾಲೆಯ ಮಕ್ಕಳಿಗೆ ಯೂನಿಫಾರ್ಮ್ ಹೊಲಿಯುವ ಹುಡುಗಿಯೊಬ್ಬಳು ಕಾರು ಕಲಿಯಲು ಬಂದಳು. ಕಾಲಿಗೆ ರಬ್ಬರ್ ಚಪ್ಪಲಿ, ಕಂಕುಳಲ್ಲಿ ತಾನೇ ಹೊಲಿದ ಚೌಕದ ದಿಂಬು.

"ದಿಂಬು ಯಾಕಮ್ಮ, ಮಲಗೋಕೆ ಬಂದ್ಯಾ?" ಎಂದರು ಮೇಷ್ಟ್ರು.

"ನಾನು ಕುಳ್ಳಿ ಸಾರ್. ರಸ್ತೆ ಕಾಣಬೇಕಲ್ಲ" ಎಂದಳು ಹುಡುಗಿ.

ದಿಂಬು ಹಾಕಿ ಕೂತಳು, ಕನ್ನಡಿ ಸರಿ ಮಾಡಿಕೊಂಡಳು, ಸೂಜಿಗೆ ದಾರ ಪೋಣಿಸುವವಳ ಹಾಗೆ ತುಟಿ ಕಚ್ಚಿ ಕೀ ತಿರುಗಿಸಿದಳು. ಕಾರು ಚೆನ್ನಾಗಿಯೇ ಓಡಿತು. ಗಿರಣಿ ದಾಟಿತು, ಶಾಲೆ ದಾಟಿತು. ಆಮೇಲೆ ಕಟ್ಟುತ್ತಿದ್ದ ಮನೆಯೊಂದರ ಮುಂದೆ ಮರಳ ಗುಡ್ಡೆ ಬಂತು. ಮೇಷ್ಟ್ರು "ಬ್ರೇಕ್! ಬ್ರೇಕ್!" ಎಂದು ಕೂಗಿದರು. ಅವಳು ಕಾಲಿಗೆ ಸಿಕ್ಕಿದ್ದನ್ನೆಲ್ಲ ಒತ್ತಿದಳು, ಬ್ರೇಕೊಂದನ್ನು ಬಿಟ್ಟು. ಕಾರು ಮೂಗಿನವರೆಗೆ ಮರಳಿನೊಳಗೆ ಹೋಗಿ ನಿಂತಿತು. ಹುಡುಗಿ ನಿಧಾನವಾಗಿ ಇಳಿದು ದಿಂಬಿನ ಧೂಳು ಕೊಡವಿ, "ನಾಳೆ ಎಷ್ಟು ಹೊತ್ತಿಗೆ ಬರಲಿ ಸಾರ್?" ಎಂದಳು.

ಮದುವೆಯಾಯಿತು. ಲೈಸೆನ್ಸೂ ಬಂತು. ಮನೆಯ ಕಾರಿನ ಸ್ಟಿಯರಿಂಗ್ ಮಾತ್ರ ಅವಳ ಕೈಗೆ ಬರಲೇ ಇಲ್ಲ. ಅವಳು ಕೇಳಿದಾಗಲೆಲ್ಲ ಮೇಷ್ಟ್ರು ಮರಳ ಗುಡ್ಡೆಯ ಕತೆ ತೆಗೆಯುತ್ತಿದ್ದರು. ನೆಂಟರು ನಗುತ್ತಿದ್ದರು. ಆ ನಗುವಿನಲ್ಲಿ ಅವಳು ಕೇಳಿದ್ದು ಕೊಚ್ಚಿಹೋಗುತ್ತಿತ್ತು.

ಈ ಸಲ ಪುಟ್ಟ ಮಗಳು ಮತ್ತು ಹೆಂಡತಿಯ ತಾಯಿಯ ಜೊತೆ ಸಮುದ್ರಕ್ಕೆ ಹೊರಡುವ ಸಡಗರದಲ್ಲಿ ಮೇಷ್ಟ್ರ ಬಾಯಿಂದ ಒಂದು ಮಾತು ಜಾರಿತ್ತು: "ಹೋಗುವಾಗ ನಾನು ಓಡಿಸ್ತೀನಿ, ವಾಪಸ್ ಬರುವಾಗ ನೀನು." ರಜೆಯ ಕೊನೆಯ ಬೆಳಿಗ್ಗೆ, ಬಾಡಿಗೆ ಕೋಣೆಯಲ್ಲಿ, ಒದ್ದೆ ಬಟ್ಟೆಗಳ ನಡುವೆ, ಜಗಳ ಅದರ ಮೇಲೆಯೇ ನಡೆದಿತ್ತು.

ಹೆಂಡತಿ: ಕೀ ಕೊಡಿ.

ಮೇಷ್ಟ್ರು: ಯಾವ ಕೀ?

ಹೆಂಡತಿ: ಸ್ನಾನಕ್ಕೆ ಹೋಗುವಾಗಲೂ ಸೋಪಿನ ಡಬ್ಬಿಯಲ್ಲಿ ಬಚ್ಚಿಟ್ಟುಕೊಂಡು ಹೋದ್ರಲ್ಲ, ಅದು.

ಮೇಷ್ಟ್ರು: ಇವತ್ತು ಗಾಳಿ ಜಾಸ್ತಿ ಕಣೇ.

ಹೆಂಡತಿ: ನಾನೇನು ದೋಣಿ ಕೇಳಿದ್ನಾ? ಕಾರು ಕೇಳ್ತಿದ್ದೀನಿ.

ಮೇಷ್ಟ್ರು: ದಾರಿ ತುಂಬ ಲಾರಿಗಳು...

ಹೆಂಡತಿ: ನೀವು ಬರುವಾಗ ಲಾರಿಗಳೆಲ್ಲ ಪಕ್ಕಕ್ಕೆ ಸರಿದು ಸಲಾಂ ಹೊಡೆದವಾ?

ಮೇಷ್ಟ್ರು: ನನ್ನ ಚಿಂತೆ ನನಗಿಲ್ಲ. ಅತ್ತೆಗೆ ಮಂಡಿ ನೋವಿದೆ. ನೀನು ಗಾಡಿ ಗುಂಡಿಗೆ ಇಳಿಸಿದ್ರೆ ಅವರ ಗತಿ ಏನು?

ಅತ್ತೆ: (ಟವೆಲ್ ಹಿಂಡುತ್ತ) ಬರುವಾಗ ದಾರೀಲಿದ್ದ ಒಂದು ಗುಂಡೀನೂ ನೀವು ಬಿಡಲಿಲ್ಲ ಅಳಿಯಂದ್ರೆ. ಮಗಳನ್ನ ಕೊಟ್ಟ ಮನೆ ಅಂತ ಸುಮ್ಮನಿದ್ದೆ.

ಮಗಳು: ಅಮ್ಮಾ, ಈ ಏಡಿ ಮರೀನ ಬಕೆಟ್ಟಲ್ಲಿ ಹಾಕ್ಕೊಂಡು ಮನೆಗೆ ತಗೊಂಡು ಹೋಗೋಣ?

ಹೆಂಡತಿ: ಬೇಡ. ನೀರಿಗೆ ಬಿಟ್ಟು ಬಾ. ಅದಕ್ಕೂ ಅಪ್ಪ ಅಮ್ಮ ಇರ್ತಾರೆ.

ಮಗಳು: ಅವರೂ ಹೀಗೇ ಜಗಳ ಆಡ್ತಾರಾ?

ಹೆಂಡತಿ: ಬಿಟ್ಟು ಬಾ ಅಂದೆ.

(ಮಗಳು ಬಕೆಟ್ ಹಿಡಿದು ಓಡಿದಳು. ಮೇಷ್ಟ್ರಿಗೂ ಓಡಿಹೋಗಲು ಒಂದು ನೆಪ ಹೊಳೆಯಿತು.)

ಮೇಷ್ಟ್ರು: ಆಯ್ತು, ಆ ವಿಷಯ ಆಮೇಲೆ ನೋಡೋಣ. ಅತ್ತೆ ಗಾಡಿ ನಿಲ್ಲಿಸಿರೋ ರಸ್ತೆವರೆಗೆ ನಡೆಯೋದು ಬೇಡ. ಗಾಡೀನ ಕೋಣೆ ಮೆಟ್ಟಿಲ ಹತ್ರಕ್ಕೇ ತರ್ತೀನಿ.

ಹೆಂಡತಿ: ಮೆಟ್ಟಿಲ ಹತ್ರ ಬರೀ ಮರಳು ಕಣ್ರೀ.

ಮೇಷ್ಟ್ರು: ಈ ಊರಿಗೆ ಬಂದಿರೋರಲ್ಲಿ ಡ್ರೈವಿಂಗ್ ಮೇಷ್ಟ್ರು ಯಾರು?

ಹೆಂಡತಿ: ನೀವು.

ಮೇಷ್ಟ್ರು: ಅಷ್ಟೇ ವಿಷಯ.

(ಮೇಷ್ಟ್ರು ಒಂದು ಕೈ ಕಿಟಕಿಯ ಹೊರಗಿಟ್ಟು, ಯಾರಾದರೂ ನೋಡುತ್ತಿದ್ದಾರೆಯೇ ಎಂದು ನೋಡುತ್ತ, ಕಾರನ್ನು ಮೆಟ್ಟಿಲ ಬುಡಕ್ಕೆ ತಂದರು. ಎಲ್ಲರೂ ನೋಡುತ್ತಿದ್ದರು. ಕಾರು ಮೆತ್ತಗೆ ಕುಸಿಯಿತು. ಆಕ್ಸಿಲರೇಟರ್ ಒತ್ತಿದರು, ಇನ್ನಷ್ಟು ಕುಸಿಯಿತು. ಮತ್ತೂ ಒತ್ತಿದರು. ಹಿಂದೆ ಎದ್ದ ಮರಳು ಆಗಷ್ಟೇ ಹಿಂಡಿದ ಟವೆಲ್ಲುಗಳ ಮೇಲೆಲ್ಲ ಸುರಿಯಿತು. ಇಂಥ ಹೊತ್ತಿನಲ್ಲಿ ಏನು ಮಾಡಬಾರದೆಂದು ತಾವು ವರ್ಷವರ್ಷವೂ ಪಾಠ ಹೇಳಿದ್ದು, ಹೊಟ್ಟೆಯವರೆಗೆ ಹೂತ ಕಾರಿನಲ್ಲಿ ಕೂತಾಗ ಮೇಷ್ಟ್ರಿಗೆ ನೆನಪಾಯಿತು.)

ಹೆಂಡತಿ: ಏನಾಯ್ತು ರೀ?

ಮೇಷ್ಟ್ರು: ಏನಿಲ್ಲ. ಗಾಡಿ ಸ್ವಲ್ಪ ಕೂತಿದೆ.

ಅತ್ತೆ: ಕೂತಿಲ್ಲ ಅಳಿಯಂದ್ರೆ, ಮಲಗಿದೆ. ತಲೆಗೊಂದು ದಿಂಬು ಕೊಡಬೇಕೇನೋ.

ಹೆಂಡತಿ: ದಿಂಬು ಇದೆಯಮ್ಮ.

(ಅವಳು ಬ್ಯಾಗಿನ ತಳದಿಂದ ಅದನ್ನು ಎಳೆದು ತೆಗೆದಳು. ಅದೇ ಚೌಕದ ದಿಂಬು. ಬಣ್ಣ ಹೋಗಿತ್ತು, ಅಂಚಿಗೆ ಹೊಸ ಹೊಲಿಗೆ ಬಿದ್ದಿತ್ತು. ಮನೆಯಿಂದ ಹೊರಡುವಾಗಲೇ ಇಟ್ಟುಕೊಂಡು ಬಂದಿದ್ದಳು. ತಾವು ಬಾಯಿಗೆ ಬಂದಂತೆ ಆಡಿದ ಮಾತನ್ನು ಇವಳು ಇಷ್ಟು ಜೋಪಾನವಾಗಿ ಬ್ಯಾಗಿಗೆ ತುಂಬಿಕೊಂಡು ಬಂದಳಲ್ಲ ಎಂದು ಮೇಷ್ಟ್ರಿಗೆ ಎಲ್ಲೋ ಚುಚ್ಚಿತು. ಇಳಿದು ಕೀ ಕೊಟ್ಟರು.)

ಹೆಂಡತಿ: (ದಿಂಬು ಹಾಕಿ ಕೂತು, ಮೇಷ್ಟ್ರ ಧಾಟಿಯಲ್ಲಿ) ಗಾಡಿ ಮರಳಲ್ಲಿ ಸಿಕ್ಕಿಕೊಂಡಾಗ ಏನು ಮಾಡಬಾರದು? ಯಾರು ಹೇಳ್ತೀರಿ?

ಮೇಷ್ಟ್ರು: ...ಆಕ್ಸಿಲರೇಟರ್ ಒತ್ತಬಾರದು.

ಹೆಂಡತಿ: ಜೋರಾಗಿ ಹೇಳಿ, ಹಿಂದಿನ ಬೆಂಚಿಗೆ ಕೇಳಿಸಲಿಲ್ಲ. ಏನು ಮಾಡಬೇಕು?

ಮೇಷ್ಟ್ರು: ಟೈರಿನ ಗಾಳಿ ಸ್ವಲ್ಪ ಇಳಿಸಬೇಕು. ಚಕ್ರದ ಮುಂದಿನ ಮರಳು ತೆಗೀಬೇಕು. ಸ್ಟಿಯರಿಂಗ್ ನೆಟ್ಟಗೆ ಹಿಡೀಬೇಕು.

ಹೆಂಡತಿ: ಈ ಪಾಠ ಹೇಳಿದ್ಯಾರು?

ಮೇಷ್ಟ್ರು: ನಾನೇ.

ಹೆಂಡತಿ: ಹಾಗಾದ್ರೆ ತೆಗೀರಿ ಮರಳು.

(ಅಷ್ಟರಲ್ಲಿ ಮಗಳು ಖಾಲಿ ಬಕೆಟ್ ಹಿಡಿದು ಬಂದಿದ್ದಳು. ಅವಳ ಪ್ಲಾಸ್ಟಿಕ್ ಆಟಿಕೆ ಸನಿಕೆಯಲ್ಲಿ, ನಾಲ್ಕು ಚಕ್ರಕ್ಕೂ ಬಗ್ಗಿ ಬಗ್ಗಿ, ಮೇಷ್ಟ್ರು ಮರಳು ತೆಗೆದರು. ಟೈರಿನ ಗಾಳಿ ಸ್ವಲ್ಪ ಇಳಿಸಿ, ಕೆಳಗೆ ಒದ್ದೆ ಟವೆಲ್ ಹಾಸಿದರು. ಹೆಂಡತಿ ತುಟಿ ಕಚ್ಚಿ ಕೀ ತಿರುಗಿಸಿದಳು. ಮೇಷ್ಟ್ರು ಹಿಂದಿನಿಂದ ಭುಜ ಕೊಟ್ಟು ತಳ್ಳಿದರು. ಕಾರು ಹಸು ಎದ್ದ ಹಾಗೆ ಎದ್ದು ನಡೆದುಹೋಯಿತು. ಮೇಷ್ಟ್ರು ಅದು ಇದ್ದ ಜಾಗದಲ್ಲಿ ಮಕಾಡೆ ಮಲಗಿದ್ದರು.)

ಅತ್ತೆ: ಏಳಿ ಅಳಿಯಂದ್ರೆ. ಗಾಡಿ ಎದ್ದಾಯ್ತು, ಇನ್ನು ನೀವೊಬ್ರು.

(ಪೆಟ್ರೋಲ್ ಬಂಕಿನಲ್ಲಿ ಟೈರಿಗೆ ಗಾಳಿ ತುಂಬಿಸಿಕೊಂಡು ಹೆದ್ದಾರಿಗೆ ಬಂದರು. ಹೆಂಡತಿಯ ಕೈಯಲ್ಲಿ ಸ್ಟಿಯರಿಂಗ್, ಪಕ್ಕದಲ್ಲಿ ಮೇಷ್ಟ್ರು, ಹಿಂದೆ ಅಜ್ಜಿ, ಮೊಮ್ಮಗಳು. ಬಾಯಿ ತೆರೆಯುವುದಿಲ್ಲ ಎಂದು ಮೇಷ್ಟ್ರು ಒಪ್ಪಿಕೊಂಡಿದ್ದರು. ಕಾಲಿನ ವಿಷಯ ಯಾರೂ ಮಾತಾಡಿರಲಿಲ್ಲ. ಮುಂದೆ ಲಾರಿ ಬಂದರೆ ಮೇಷ್ಟ್ರ ಬಲಗಾಲು ಧಪ್ಪೆಂದು ನೆಲ ಒತ್ತುತ್ತಿತ್ತು. ತಿರುವು ಬಂದರೆ ಧಪ್. ನಾಯಿ ಕಂಡರೆ ಧಪ್ ಧಪ್.)

ಅತ್ತೆ: ಏನದು ಸದ್ದು?

ಮೇಷ್ಟ್ರು: ಯಾವುದು?

ಅತ್ತೆ: ನಿಮ್ಮ ಕಾಲ ಹತ್ರ. ಏನೋ ಮೆಟ್ಟುತ್ತಿದ್ದೀರಿ. ಅಯ್ಯೋ, ಆ ಏಡಿ!

ಹೆಂಡತಿ: ಏನೇ, ಏಡೀನ ಬಿಟ್ಟು ಬರಲಿಲ್ವಾ?

ಮಗಳು: ಬಿಟ್ಟೆ ಅಮ್ಮಾ!

ಅತ್ತೆ: ಅಳಿಯಂದ್ರೆ, ನಿಜ ಹೇಳಿ. ಏಡೀನಾ?

(ಮೇಷ್ಟ್ರ ಮುಂದೆ ಎರಡು ದಾರಿ ಇದ್ದವು. ಇಲ್ಲದ ಬ್ರೇಕನ್ನು ಒತ್ತುತ್ತಿದ್ದೇನೆ ಎಂದು ಒಪ್ಪಿಕೊಳ್ಳುವುದು ಒಂದು. ಬೆಳಿಗ್ಗೆಯಿಂದ ಹೋದ ಮಾನ ಸಾಕೆನಿಸಿ ಇನ್ನೊಂದನ್ನು ಹಿಡಿದರು.)

ಮೇಷ್ಟ್ರು: ...ಇರಬಹುದು.

ಅತ್ತೆ: (ಎರಡೂ ಕಾಲು ಸೀಟಿನ ಮೇಲೆಳೆದುಕೊಂಡು) ನಿಲ್ಲಿಸೇ ಗಾಡಿ!

ಹೆಂಡತಿ: ಅಮ್ಮ, ನಿನ್ನ ಮಂಡಿ!

ಅತ್ತೆ: ಮಂಡಿ ಆಮೇಲೆ, ಮೊದಲು ಬೆರಳು ಉಳೀಲಿ!

(ಕಾರು ಮರದ ನೆರಳಲ್ಲಿ ನಿಂತಿತು. ಬ್ಯಾಗು, ಬಕೆಟ್, ಚಾಪೆ, ಚಪ್ಪಲಿ ಎಲ್ಲ ರಸ್ತೆ ಬದಿಗೆ ಇಳಿದವು. ತಾವೇ ಹುಟ್ಟಿಸಿದ ಏಡಿಯನ್ನು ಮೇಷ್ಟ್ರು ಟಾರ್ಚ್ ಹಾಕಿ ಸೀಟಿನ ಕೆಳಗೆ ಎಲ್ಲರಿಗಿಂತ ಶ್ರದ್ಧೆಯಿಂದ ಹುಡುಕಿದರು.)

ಮಗಳು: (ಅಳುತ್ತ) ನಾನು ಬಿಟ್ಟೆ ಅಪ್ಪಾ. ಅದು ಅಡ್ಡಡ್ಡ ಓಡಿ ನೀರಿಗೆ ಹೋಯ್ತು. ನಾನು ಟಾಟಾ ಕೂಡ ಮಾಡಿದೆ. ನಾನು ಸುಳ್ಳು ಹೇಳಲ್ಲ.

(ಮೇಷ್ಟ್ರು ಟಾರ್ಚ್ ಆರಿಸಿದರು.)

ಮೇಷ್ಟ್ರು: ಅಳಬೇಡ ಮರಿ. ಏಡಿ ಇಲ್ಲ.

ಹೆಂಡತಿ: ಮತ್ತೆ ಏನು ಮೆಟ್ಟುತ್ತಿದ್ರಿ?

ಮೇಷ್ಟ್ರು: ಬ್ರೇಕು.

ಅತ್ತೆ: ಅಲ್ಲೆಲ್ಲಿದೆ ಬ್ರೇಕು?

ಮೇಷ್ಟ್ರು: ಇಲ್ಲಿಲ್ಲ. ಸ್ಕೂಲಿನ ಕಾರಲ್ಲಿ ನನ್ನ ಕಡೆಗೂ ಒಂದು ಇರುತ್ತೆ. ಕಲಿಯೋರು ಒತ್ತದಿದ್ರೆ ನಾನು ಒತ್ತೋಕೆ. ಕಾಲಿಗೆ ಅಭ್ಯಾಸ ಆಗಿಬಿಟ್ಟಿದೆ.

(ಅಳಿಯ ಹೇಳಿದ ಕತೆಯನ್ನು ಅತಿ ಹೆಚ್ಚು ಸಲ ಕೇಳಿದವರು ಅತ್ತೆಯೇ.)

ಅತ್ತೆ: ಅಳಿಯಂದ್ರೆ, ಅವಳು ಮರಳ ಗುಡ್ಡೆಗೆ ನುಗ್ಗಿಸಿದ ದಿನ ಆ ಬ್ರೇಕು ಇತ್ತಾ?

ಮೇಷ್ಟ್ರು: (ಬ್ಯಾಗು ಎತ್ತಿಕೊಂಡು) ಮೊದಲು ಸಾಮಾನು ಒಳಗಿಡೋಣ.

ಹೆಂಡತಿ: ಕೇಳ್ತಿದ್ದಾರಲ್ಲ, ಹೇಳಿ.

ಮೇಷ್ಟ್ರು: ಇತ್ತು.

ಹೆಂಡತಿ: ಕೆಟ್ಟಿತ್ತಾ?

ಮೇಷ್ಟ್ರು: ಹೊಸದು.

ಮಗಳು: ಅಪ್ಪ ನಿದ್ದೆ ಮಾಡ್ತಿದ್ರಾ?

ಮೇಷ್ಟ್ರು: ಇಲ್ಲ ಮರಿ, ಎಚ್ಚರವಾಗೇ ಇದ್ದೆ. ರಸ್ತೆ ಕಡೆ ನೋಡ್ತಿರಲಿಲ್ಲ, ಅಷ್ಟೇ.

ಅತ್ತೆ: ಮತ್ತೆ ಯಾವ ಕಡೆ ನೋಡ್ತಿದ್ರಿ?

(ಮೇಷ್ಟ್ರ ಕಣ್ಣು ಹೆಂಡತಿಯ ಕಡೆ ಹೋಯಿತು. ಹೆಂಡತಿಯ ಕಿವಿ ಕೆಂಪಾಯಿತು. ಅವಳು ದಿಂಬನ್ನು ತೆಗೆದು ಇಲ್ಲದ ಧೂಳು ಕೊಡವಿದಳು.)

ಹೆಂಡತಿ: ಅಮ್ಮ, ಗಾಡಿ ಹತ್ತು. ಹೊತ್ತಾಯ್ತು. ರೀ, ನೀವು ಹಿಂದೆ ಕೂತ್ಕೊಳ್ಳಿ.

ಮೇಷ್ಟ್ರು: ಯಾಕೆ? ಇನ್ನು ಕಾಲು ಅಲ್ಲಾಡಿಸಲ್ಲ ಕಣೇ.

ಹೆಂಡತಿ: ಪಕ್ಕದಲ್ಲಿದ್ರೆ ಒಂದೋ ಬ್ರೇಕ್ ಒತ್ತುತ್ತೀರಿ, ಇಲ್ಲಾಂದ್ರೆ ನನ್ನನ್ನ ನೋಡ್ತೀರಿ. ಎರಡರಿಂದಲೂ ಗಾಡಿಗೆ ಕೇಡು.

(ಮಗಳು ಕಣ್ಣೊರೆಸಿಕೊಂಡು ಮುಂದೆ ಬಂದಳು. ಮೇಷ್ಟ್ರು ಹಿಂದೆ ಹೋದರು. ಮನೆ ಬರುವವರೆಗೆ ಕಾರು ಒಂದು ಗುಂಡಿಗೂ ಇಳಿಯಲಿಲ್ಲ. ಅದನ್ನು ಅತ್ತೆ ದಾರಿಯುದ್ದಕ್ಕೂ ಹೇಳುತ್ತಲೇ ಬಂದರು.)

ಮರಳ ಗುಡ್ಡೆಯ ಕತೆಯನ್ನು ಈಗ ಹೆಂಡತಿ ಹೇಳುತ್ತಾಳೆ. ನೆಂಟರು ಮೊದಲಿಗಿಂತ ಹೆಚ್ಚು ನಗುತ್ತಾರೆ. ದಿಂಬು ಡ್ರೈವರ್ ಸೀಟಿನಲ್ಲೇ ಇರುತ್ತದೆ. ಮೇಷ್ಟ್ರು ವಾರವಿಡೀ ಸ್ಕೂಲಿನಲ್ಲಿ ಕಾರು ಕಲಿಸುತ್ತಾರೆ. ಮನೆಯವರೊಂದಿಗೆ ಹೊರಟಾಗ ಹಿಂದಿನ ಸೀಟಿನಲ್ಲಿ ಅತ್ತೆಯ ಪಕ್ಕ ಕೂತು ಕಿತ್ತಳೆ ಹಣ್ಣು ಸುಲಿದು ಕೊಡುತ್ತಾರೆ.