ಇನ್ನೊಂದು ಸಲ ಕೇಳಬಾರದೇ?

ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆಯನ್ನು ಕಟ್ಟಿದವರು ಯಾವ ಆಫೀಸಿನಲ್ಲೂ ಕೆಲಸ ಮಾಡಿರಲಾರರು. ದಿಲ್ಲಿಯ ಓಖ್ಲಾದಲ್ಲಿ ಸಿದ್ಧ ಉಡುಪು ರಫ್ತು ಮಾಡುವ ನಮ್ಮ ಕಂಪನಿಯಲ್ಲಿ ನಾನು ವರ್ಷಗಟ್ಟಲೆ ಒಂದು ಹನಿಯೂ ತುಳುಕದಂತೆ ಕೂತಿದ್ದೆ. ಪರಿಣಾಮವೇನೆಂದರೆ, ಕೊಡದಲ್ಲಿ ನೀರಿದೆಯೆಂಬ ಅನುಮಾನವೂ ಯಾರಿಗೂ ಬರಲಿಲ್ಲ. ಹಾಗಂತ ನನ್ನನ್ನು ಯಾರೂ ಅರಿಯರು ಎಂದಲ್ಲ. ನಾನು ನೀರ್‌ದೋಸೆ ತಂದ ದಿನ ಅಕೌಂಟ್ಸ್‌ನವರು ಕೂಡ ಬಂದು ಡಬ್ಬಿ ಇಣುಕುತ್ತಾರೆ. ಆದರೆ ಬಟನ್ನಿನ ಬಣ್ಣ ತಪ್ಪಿದ ಶರ್ಟುಗಳು ಹಡಗು ಹತ್ತದಂತೆ ತಡೆದವರು ಯಾರು, ಮುನಿಸಿಕೊಂಡ ವಿದೇಶಿ ಗಿರಾಕಿಯನ್ನು ರಮಿಸಿದವರು ಯಾರು ಎಂದು ಕೇಳಿದರೆ, "ಟೀಮ್ ನೇ ಕಿಯಾ", ಎಲ್ಲ ಸೇರಿ ಮಾಡಿದ್ದು ಎನ್ನುತ್ತಾರೆ. ಹಾಗೆನ್ನಲು ಕಲಿಸಿದವಳೂ ನಾನೇ. ಯಾರಾದರೂ ಹೊಗಳಿದರೆ ಮೈಮೇಲೆ ಹಲ್ಲಿ ಬಿದ್ದವಳಂತೆ "ಅಯ್ಯೋ, ನಂದೇನಿಲ್ಲ" ಎಂದು ಕೊಡವಿಕೊಳ್ಳುವುದು ನನ್ನ ಹುಟ್ಟುಗುಣ.

ಹೊಸದೊಂದು ತಂಡ ಕಟ್ಟುತ್ತಾರೆ, ಅದಕ್ಕೆ ಮುಖ್ಯಸ್ಥರು ಬೇಕು ಎಂಬ ಸುದ್ದಿ ಹಬ್ಬಿದಾಗ ಮಾತ್ರ ನನಗೆ ಆಸೆಯಾಯಿತು. ಸಣ್ಣ ಆಸೆಯಲ್ಲ, ನಿದ್ದೆ ಕೆಡಿಸುವಂಥದು. ನನ್ನ ಹತ್ತಿರ ಕೆಲಸ ಕಲಿತವರೇ ಒಬ್ಬೊಬ್ಬರಾಗಿ ನನಗಿಂತ ಮೇಲೆ ಹೋಗಿ ಕೂತಿದ್ದರು. ಈಗ ಖನ್ನಾ ಎಂಬ ಸಹೋದ್ಯೋಗಿ ತುದಿಗಾಲಲ್ಲಿ ನಿಂತಿದ್ದ. ಸ್ಟೇಪ್ಲರಿಗೆ ಪಿನ್ನು ತುಂಬಿದರೂ ಇಡೀ ಆಫೀಸಿಗೆ ಮೇಲ್ ಕಳಿಸುವ ಆಸಾಮಿ ಅವನು. ಇಂದಿರಾಪುರಂನ ಮನೆಯಲ್ಲಿ ಮಾತು ತೆಗೆದೆ. ನಮ್ಮ ಯಜಮಾನರು ಉಡುಪಿ ಕಡೆಯವರು, ಇಲ್ಲೇ ಹೋಟೆಲು ನಡೆಸುತ್ತಾರೆ. "ಎಂತ ಮಾರಾಯ್ತಿ, ದೋಸೆ ಎಷ್ಟು ಲಾಯ್ಕ ಇದ್ರೂ ಹೊರಗೆ ಬೋರ್ಡ್ ಇಲ್ಲದಿದ್ರೆ ಯಾರು ಬರ್ತಾರೆ?" ಎಂದರು. ಮಗಳು ಮೊಬೈಲಿನಿಂದ ತಲೆ ಎತ್ತದೆ, "ಅಮ್ಮಾ, ಮೀಟಿಂಗ್ ಮೇ ನೀನು ಕುಛ್ ಬೋಲ್ತೀ ಹೀ ನಹೀ. ಫಸ್ಟ್ 'ನಾನು ಮಾಡಿದೆ' ಅಂತ ಹೇಳೋದು ಪ್ರಾಕ್ಟೀಸ್ ಮಾಡು" ಎಂದಳು. ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದೆ. "ಇದನ್ನು ಮಾಡಿದ್ದು ನಾನು." ಕನ್ನಡಿಯಲ್ಲಿದ್ದವಳು ಪೊಲೀಸರೆದುರು ಕಳ್ಳತನ ಒಪ್ಪಿಕೊಳ್ಳುವವಳಂತೆ ಕಂಡಳು.

ಸೋಮವಾರದ ಮೀಟಿಂಗಿನಲ್ಲಿ ಖನ್ನಾ ಎಂದಿನಂತೆ ಶುರುಮಾಡಿದ. ಶರ್ಟುಗಳನ್ನು ತಡೆದ ಕಥೆಯನ್ನು, ತಾನೇ ಬಂದರಿನಲ್ಲಿ ಹಡಗಿಗೆ ಅಡ್ಡ ಮಲಗಿದ್ದವನಂತೆ ಬಣ್ಣಿಸುತ್ತಿದ್ದ. ನನಗೆ ಎಲ್ಲಿತ್ತೋ ಸಿಟ್ಟು, ಎದ್ದು ನಿಂತೆ. "ಸರ್, ವೋ ಮೈನೇ ಕಿಯಾ ಥಾ!" ಶುರುವಾದ ಬಾಯಿ ನಿಲ್ಲಲಿಲ್ಲ. ಬಟನ್ನು, ಬಣ್ಣ, ಗಿರಾಕಿ, ಹಿಂದಿನ ದೀಪಾವಳಿಗೆ ರಜೆ ಬಿಟ್ಟು ಬಂದದ್ದು, ಎಲ್ಲ ಒಟ್ಟಿಗೆ ಹೊರಬಂತು. ಕೊನೆಗೆ ನಮ್ಮ ದೊಡ್ಡ ಸಾಹೇಬರಾದ ಚೋಪ್ರಾ ಅವರೇ ಕೈ ಎತ್ತಿ, "ಬಸ್ ಮ್ಯಾಡಂ, ಸಮಝ್ ಗಯಾ" ಎನ್ನಬೇಕಾಯಿತು.

ಸಂಜೆ ಅವರು ಕ್ಯಾಬಿನ್ನಿಗೆ ಕರೆದು, ಹೊಸ ತಂಡ ನೋಡಿಕೊಳ್ಳುತ್ತೀರಾ ಎಂದು ನೇರವಾಗಿ ಕೇಳಿದರು. "ಮ್ಯಾಡಂ, ನಯೀ ಟೀಮ್ ಆಪ್ ಸಂಭಾಲೇಂಗೀ?" ನನ್ನ ಎದೆ ಕುಣಿಯಿತು. ಬಾಯಿ ಮಾತ್ರ ತನ್ನಷ್ಟಕ್ಕೆ, "ನಹೀ ನಹೀ ಸರ್, ಮುಝ್ ಸೇ ಕಹಾಂ ಹೋಗಾ!" ಎಂದುಬಿಟ್ಟಿತು. ನನ್ನಿಂದೆಲ್ಲಿ ಆದೀತು ಎಂಬುದು ನಿರಾಕರಣೆಯಲ್ಲ, ಉಪಚಾರ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಪಂಕ್ತಿಯಲ್ಲಿ ಹೋಳಿಗೆ ಬಂದಾಗ ನಾವು ಎಲೆಗೆ ಕೈ ಅಡ್ಡ ಹಿಡಿಯುತ್ತೇವೆ. ಬಡಿಸುವವರು "ಒಂದೇ ಒಂದು" ಎನ್ನಬೇಕು, ನಾವು "ಖಂಡಿತ ಬೇಡ" ಎನ್ನಬೇಕು, ಅವರು ಬಿಡಬಾರದು, ಕೊನೆಗೆ ಬೆರಳ ಸಂದಿಯಿಂದಲಾದರೂ ಹೋಳಿಗೆ ಎಲೆಗೆ ಬೀಳಬೇಕು. ಮೊದಲ ಸಲಕ್ಕೇ ಹೂಂ ಎಂದವರು ಹೊಟ್ಟೆಬಾಕರು. ನಾನು ತಲೆ ತಗ್ಗಿಸಿ ಎರಡನೆಯ ಒತ್ತಾಯಕ್ಕೆ ಕಾದೆ. ಚೋಪ್ರಾ, "ಅಚ್ಛಾ? ಚಲೋ, ಕೋಯೀ ಬಾತ್ ನಹೀ" ಎಂದು ಫೋನೆತ್ತಿ ಖನ್ನಾನನ್ನು ಕರೆದರು.

ಮೆಟ್ರೊದಲ್ಲಿ ಕಣ್ಣೀರು ಬಂತು. ಪುಣ್ಯಾತ್ಮ, ಇನ್ನೊಂದು ಸಲ ಕೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಮನೆಯಲ್ಲಿ ಹೇಳಿದರೆ ನಮ್ಮವರು ಹಣೆ ಚಚ್ಚಿಕೊಂಡರು. "ಅಲ್ಲ ಮಾರಾಯ್ತಿ, ದಿಲ್ಲಿ ಗಿರಾಕಿ ಒಮ್ಮೆ ಬೇಡ ಅಂದ್ರೆ ನಾವು ಇನ್ನೊಮ್ಮೆ ಕೇಳ್ತೇವಾ? ತಟ್ಟೆ ಎತ್ತುವುದೇ. ನಾಳೆ ಹೋಗಿ ಬಾಯಿಬಿಟ್ಟು ಬೇಕು ಅಂತ ಹೇಳು."

ಹೇಳಿದೆ. ಮರುದಿನ ಬೆಳಿಗ್ಗೆ ಮಾನ ಮರ್ಯಾದೆ ಎಲ್ಲ ಬಾಗಿಲಾಚೆ ಬಿಟ್ಟು ಒಳಗೆ ಹೋಗಿ, ನಿನ್ನೆಯ ನನ್ನ 'ನಹೀ' ನಿಜವಾದ 'ನಹೀ' ಅಲ್ಲವೆಂದೂ, ನಮ್ಮ ಕಡೆ ಮೂರು ಸಲ ಕೇಳುವುದೇ ಪದ್ಧತಿಯೆಂದೂ, ಹೋಳಿಗೆಯ ಸಮೇತ ವಿವರಿಸಿದೆ. ಚೋಪ್ರಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನ್ನ ಅದೃಷ್ಟಕ್ಕೆ ಖನ್ನಾ ತನಗೆ ಕಿಟಕಿಯಿರುವ ಕ್ಯಾಬಿನ್ನೇ ಬೇಕೆಂದು ಹಠ ಹಿಡಿದು ಇನ್ನೂ ಹೂಂ ಎಂದಿರಲಿಲ್ಲವಂತೆ. ತಂಡ ನನ್ನ ಪಾಲಾಯಿತು.

ಈಗ ನಾನು ಆಫೀಸಿನಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತೇನೆ, ಬೇಕಾದ್ದಕ್ಕಿಂತ ತುಸು ಹೆಚ್ಚೇ. ಮೊನ್ನೆ ಶುಕ್ರವಾರ ಚೋಪ್ರಾ ಬಂದು, ಭಾನುವಾರ ಕೆಲಸಕ್ಕೆ ಬರುತ್ತೀರಾ ಎಂದು ಕೇಳಿದರು. ಮನೆಯಲ್ಲಿ ಪೂಜೆಯಿದೆ, ಆಗುವುದಿಲ್ಲ ಎಂದೆ. ಹುಬ್ಬು ಕುಣಿಸಿ ಮತ್ತೆ ಕೇಳಿದರು. ಖಂಡಿತ ಆಗುವುದಿಲ್ಲ ಎಂದೆ. ನಗುತ್ತಾ ಮೂರನೆಯ ಸಲ ಕೇಳಿದರು. ನಾನು ಕೈ ಮುಗಿದು, "ಸರ್, ಸಚ್ ಮುಚ್ ನಹೀ" ಎಂದೆ. ಅವರು ಖುಷಿಯಿಂದ ಮೇಜು ಕುಟ್ಟಿ, "ತೀನ್ ಬಾರ್ ಹೋ ಗಯಾ! ಸಂಡೇ ಪಕ್ಕಾ!" ಎಂದು ಹೊರಟೇಹೋದರು. ಇದನ್ನು ಬರೆಯುತ್ತಿರುವುದು ಭಾನುವಾರ, ಓಖ್ಲಾದ ಆಫೀಸಿನಲ್ಲಿ ಕೂತು.